ಶಿಲೆ, ಭೇರಿ ಮತ್ತು ಕಾಲುವೆಯ ಕೊನೆಯ ಹೊಲ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಹೊತ್ತ ಬಂಡೆಯಿದೆ. ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಸೀಮೆಯಲ್ಲಿ ತುಂಗಭದ್ರೆ ಹರಿಯುತ್ತಾಳೆ. ಇವೆರಡರ ನಡುವೆ ಹರಡಿರುವ ಎರೆನೆಲವನ್ನು ಎಪ್ಪತ್ತು ವರ್ಷಗಳ ಹಿಂದೆ ಕಂಡಿದ್ದವರು ಇಂದು ಬಂದು ನೋಡಿದರೆ ಗುರುತು ಹಿಡಿಯಲಾರರು. ಬಿಳಿಜೋಳ, ಹತ್ತಿ, ಕುಸುಬೆ, ಕಡಲೆಗಳ ಸೀಮೆಯಾಗಿದ್ದುದು ಈಗ ಭತ್ತದ ಸೀಮೆಯಾಗಿದೆ. ಸಿಂಧನೂರೆಂದರೆ ಅಕ್ಕಿಗಿರಣಿಗಳ ಊರೆಂದು ನಾಡಿಗೆಲ್ಲ ಹೆಸರಾಗಿದೆ. ಆದರೆ ಅದೇ ಸೀಮೆಯಲ್ಲಿ ಬಿಳಿಯ ಲವಣದ ಪೊರೆಯನ್ನು ಹೊತ್ತು ಬೀಳುಬಿದ್ದ ಹೊಲಗಳೂ ಇವೆ. ಕಾಲುವೆಯ ನಕ್ಷೆಯೊಳಗೆ ಸೇರಿದ್ದರೂ ಸಕಾಲಕ್ಕೆ ನೀರು ಕಾಣದ ಹೊಲಗಳೂ ಇವೆ. ಒಂದು ಹೊಲ ನೀರು ಹೆಚ್ಚಾಗಿ ಕೆಟ್ಟಿದೆ, ಇನ್ನೊಂದು ನೀರಿಲ್ಲದೆ ಕೆಟ್ಟಿದೆ. ಎರಡೂ ಒಂದೇ ಕಾಲುವೆಯ ಮಕ್ಕಳು.

ಸುಸ್ಥಿರ ಅಭಿವೃದ್ಧಿ ಎಂಬ ಪದ ವಿಶ್ವಸಂಸ್ಥೆಯ ವರದಿಯೊಂದರ ಮೂಲಕ 1987ರಲ್ಲಿ ಜಗತ್ತಿನ ವ್ಯವಹಾರಕ್ಕೆ ಬಂದಿತು. ಇಂದಿನವರ ಅಗತ್ಯಗಳನ್ನು ಪೂರೈಸುವಾಗ ಮುಂದಿನವರ ಪಾಲಿಗೆ ಕೊರತೆ ಉಂಟಾಗಬಾರದು ಎಂಬುದು ಅದರ ಸಾರ. ಅಂದಿನಿಂದ ಶಿಕ್ಷಣ, ಸಂಶೋಧನೆ, ತಂತ್ರಜ್ಞಾನ ಎಂಬ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ವಿಚಾರಸಂಕಿರಣಗಳ ರೂಢಿಯಾಗಿದೆ. ಆದರೆ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ನೆಲದಲ್ಲಿ ಈ ಮೂರೂ ಒಟ್ಟಿಗೆ ಬರಲಿಲ್ಲ. ತಂತ್ರಜ್ಞಾನ ಮೊದಲು ಬಂದಿತು, ಸಂಶೋಧನೆ ಅದರ ಹಿಂದೆ ಬಂದಿತು, ಶಿಕ್ಷಣ ಇನ್ನೂ ದಾರಿಯಲ್ಲಿದೆ. ಈ ಅನುಕ್ರಮವೇ ಇಲ್ಲಿಯ ಸಂಕಟದ ಒಂದು ಮೂಲ. ಶಿಕ್ಷಣ ತಡವಾದುದಕ್ಕೆ ಶಾಲೆಗಳ ಕೊರತೆಯಷ್ಟೇ ಕಾರಣವಲ್ಲ. ಕಂಡುಕೊಂಡ ತಿಳಿವು ಅದನ್ನು ಬಳಸಬೇಕಾದವರ ಮಾತಿನಲ್ಲಿ, ಅವರ ಅಳತೆಯಲ್ಲಿ ಹೇಳಲ್ಪಡಲಿಲ್ಲ ಎಂಬುದು ಅಷ್ಟೇ ಮುಖ್ಯವಾದ ಕಾರಣ. ಆದುದರಿಂದ ಈ ಪ್ರಶ್ನೆ ಕೃಷಿವಿಜ್ಞಾನಿಗಳಿಗೆ ಎಷ್ಟು ಸಂಬಂಧಿಸಿದೆಯೋ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೂ ಅಷ್ಟೇ ಸಂಬಂಧಿಸಿದೆ.

ತಿಳಿವನ್ನು ಜನರಿಗೆ ಮುಟ್ಟಿಸುವ ಯತ್ನದ ಅತಿ ಪ್ರಾಚೀನ ಲಿಖಿತ ಸಾಕ್ಷ್ಯ ಇದೇ ಸೀಮೆಯಲ್ಲಿದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯ ಶಾಸನವನ್ನು ಕಂಡುಹಿಡಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಸಂಪಾದಿಸಿ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಹೊರತಂದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಬಂಡೆಯನ್ನು ಕೊರೆದು ಆಳಕ್ಕೆ ಇಳಿದು ಚಿನ್ನ ತೆಗೆದ ಗುರುತುಗಳಿವೆ. ಆ ಲೋಹದ ಜಾಡು ಹಿಡಿದು ಈ ಭಾಗಕ್ಕೆ ಬಂದ ಆಧುನಿಕ ತಂತ್ರಜ್ಞನ ಕಣ್ಣಿಗೆ ಚಕ್ರವರ್ತಿಯ ಹೆಸರು ಬಿದ್ದುದು ಇತಿಹಾಸದ ಒಂದು ಸೋಜಿಗ. ಅದುವರೆಗೆ ಶಾಸನಗಳಲ್ಲಿ ದೊರೆತಿದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಅಶೋಕ ಎಂಬ ಹೆಸರು ಬಿರುದಿನೊಡನೆ ಸ್ಪಷ್ಟವಾಗಿ ಕಾಣಿಸಿದುದು ಮಸ್ಕಿಯಲ್ಲಿ. ಶಾಸನಾಧ್ಯಯನದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದಿರುವ ಸಂಗತಿಯಿದು. ಅಷ್ಟಾಗಿ ಚರ್ಚೆಗೆ ಬಾರದಿರುವುದು ಆ ಶಾಸನದ ಆಶಯ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರದ್ಧೆಯಿಂದ ನಡೆದರೆ ಸಣ್ಣವನೂ ಅದನ್ನು ಪಡೆಯಬಲ್ಲ ಎಂಬುದು ಅದರ ಅಭಿಪ್ರಾಯ.

ಆದರೆ ಆ ಸಣ್ಣವನು ಶಾಸನವನ್ನು ಓದಬಲ್ಲವನಾಗಿದ್ದನೇ? ಬರಹ ಬ್ರಾಹ್ಮೀ ಲಿಪಿಯಲ್ಲಿದೆ, ಭಾಷೆ ಪ್ರಾಕೃತ. ಈ ನೆಲದ ದನಗಾಹಿಗೂ ಬೇಸಾಯಗಾರನಿಗೂ ಅದು ಆಡುನುಡಿಯಾಗಿರಲಿಲ್ಲ. ಈ ತೊಡಕು ಮೌರ್ಯ ಆಡಳಿತಕ್ಕೆ ತಿಳಿದಿತ್ತು ಎಂಬುದಕ್ಕೆ ಅಶೋಕನ ಎರಡನೆಯ ಕಿರುಬಂಡೆ ಶಾಸನವೇ ಆಧಾರ. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಅದರ ವಿಸ್ತೃತ ಪಾಠವಿದೆ. ತುಂಗಭದ್ರೆಯ ಆಚೆಯ ದಂಡೆಯ ಸಿರುಗುಪ್ಪ ತಾಲ್ಲೂಕಿನಲ್ಲಿರುವ ನಿಟ್ಟೂರು, ಉಡೇಗೊಳಗಳಲ್ಲಿಯೂ ಅಶೋಕನ ಕಿರುಶಾಸನಗಳು ದೊರೆತಿವೆ. ರಾಜಾಜ್ಞೆಯನ್ನು ರಜ್ಜುಕನೆಂಬ ಅಧಿಕಾರಿಗೆ ತಿಳಿಸಬೇಕು, ಅವನು ಭೇರಿ ಬಾರಿಸಿ ಜನಪದರನ್ನು ಸೇರಿಸಿ ಅದನ್ನು ಹೇಳಬೇಕು ಎಂಬ ವಿಧಿ ಎರ್ರಗುಡಿಯ ಪಾಠದಲ್ಲಿದೆ. ಆನೆಯ ಮಾವುತರು, ಕರಣಿಕರು, ಬ್ರಾಹ್ಮಣರು ತಂತಮ್ಮ ಶಿಷ್ಯರಿಗೆ ಕಲಿಸಬೇಕು ಎಂಬ ಸೂಚನೆಯೂ ಅಲ್ಲಿದೆ. ಶಿಲೆಯ ಮೇಲೆ ಕೆತ್ತಿದ ಮಾತ್ರಕ್ಕೆ ಶಿಕ್ಷಣವಾಗುವುದಿಲ್ಲ. ಶಿಲೆ ತಿಳಿವನ್ನು ಕಾಪಾಡುತ್ತದೆ, ಭೇರಿ ಅದನ್ನು ಹರಡುತ್ತದೆ, ಕಸುಬಿನ ಗುರು ಅದನ್ನು ಶಿಷ್ಯನ ಕೈಗೆ ಕೊಡುತ್ತಾನೆ. ಈ ಮೂರು ಹಂತಗಳ ವ್ಯವಸ್ಥೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನ ಆಡಳಿತವೊಂದು ಯೋಚಿಸಿತ್ತು. ಇಂದಿನ ಸಂಶೋಧನ ಸಂಸ್ಥೆಗಳ ವಾರ್ಷಿಕ ವರದಿಗಳು ಶಿಲೆಯ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ. ಭೇರಿಯ ದನಿ ಮಾತ್ರ ಕ್ಷೀಣವಾಗಿದೆ.

ಕನ್ನಡ ಸಾಹಿತ್ಯ ಈ ಭೇರಿಯ ಕೆಲಸವನ್ನು ಒಂದು ಕಾಲದಲ್ಲಿ ತಾನೇ ವಹಿಸಿಕೊಂಡಿತ್ತು. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. ಈತ ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ, ‘ಚಾವುಂಡರಾಯ ಪುರಾಣ’ವನ್ನು ಬರೆದ ಚಾವುಂಡರಾಯನಲ್ಲ, ಅವನ ಅನಂತರ ಬಂದ ಬೇರೊಬ್ಬ ಕವಿ. ಅಂತರ್ಜಲವನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ, ಪಾಕವಿಧಾನ, ಗೃಹನಿರ್ಮಾಣ, ಮನುಷ್ಯರ ಮತ್ತು ಜಾನುವಾರುಗಳ ಚಿಕಿತ್ಸೆ ಮೊದಲಾದ ವಿಷಯಗಳನ್ನು ಈ ಗ್ರಂಥ ಒಂದೆಡೆ ತರುತ್ತದೆ. ಸಂಸ್ಕೃತದ ಹಲವು ಶಾಸ್ತ್ರಗಳಲ್ಲಿ ಚದರಿಹೋಗಿದ್ದ ತಿಳಿವನ್ನು ಸಂಗ್ರಹಿಸಿ ಕನ್ನಡ ಬಲ್ಲವರ ಕೈಗೆ ಕೊಟ್ಟುದರಲ್ಲಿ ಅದರ ಹೆಸರಿನ ಸಾರ್ಥಕತೆಯಿದೆ. ಚಾಲುಕ್ಯ ರಾಜವಂಶದ ಜೈನಕವಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳಲ್ಲಿ ಲೆಕ್ಕವನ್ನು ಕನ್ನಡದ ಪದ್ಯಕ್ಕೂ ನಾಡಿನ ವ್ಯವಹಾರಕ್ಕೂ ಒಗ್ಗಿಸಿದನು.

ಈ ಪರಂಪರೆಗೆ ಸಂಸ್ಕೃತದಲ್ಲಿ ಹಾಕಿದ ಅಡಿಪಾಯವೊಂದಿದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಖಾತವ್ಯವಹಾರವೆಂಬ ಅಧ್ಯಾಯವಿದೆ. ಅಗೆದ ಹಳ್ಳದ ಘನ ಅಳತೆ, ಮಣ್ಣಿನ ಕೆಲಸದ ಲೆಕ್ಕ ಅದರ ವಿಷಯ. ಕೆರೆ ತೋಡಿಸುವವನಿಗೆ, ಏರಿ ಹಾಕಿಸುವವನಿಗೆ, ಕೂಲಿ ಎಣಿಸುವವನಿಗೆ ಬೇಕಾದ ಗಣಿತವಿದು. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ 1912ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ 2000ದಲ್ಲಿ ಹೊರಬಂದಿತು. ಕನ್ನಡ ನೆಲದ ದೊರೆಯ ಕಾಲದಲ್ಲಿ ಹುಟ್ಟಿದ ಗ್ರಂಥವೊಂದು ಕನ್ನಡದ ಓದುಗನಿಗೆ ಸಮಗ್ರವಾಗಿ ದೊರೆಯಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಈ ವರ್ಷಗಳೇ ಹೇಳುತ್ತವೆ.

ಸಾಹಿತ್ಯಚರಿತ್ರೆಗಳಲ್ಲಿ ಈ ಗ್ರಂಥಗಳಿಗೆ ದೊರೆತಿರುವ ಸ್ಥಾನ ಮೂಲೆಯದು. ಚಂಪೂ ಕಾವ್ಯಗಳಿಗೆ ಅಧ್ಯಾಯಗಳು ಮೀಸಲಾದರೆ ಶಾಸ್ತ್ರಗ್ರಂಥಗಳಿಗೆ ಹೆಸರುಗಳ ಪಟ್ಟಿಯೇ ಸಾಕೆಂಬ ಭಾವನೆ ಇದೆ. ಕಾವ್ಯಗುಣದ ಅಳತೆಗೋಲಿನಿಂದ ನೋಡಿದಾಗ ಅವು ಸೋಲುವುದು ಸಹಜ. ಆದರೆ ಭಾಷೆಯೊಂದರ ಶಕ್ತಿಯನ್ನು ಅದರ ಕಾವ್ಯದಿಂದ ಮಾತ್ರ ಅಳೆಯಬೇಕೆಂಬ ನಿಯಮವಿಲ್ಲ. ದನದ ಹೊಟ್ಟೆಯುಬ್ಬರಕ್ಕೆ ಮದ್ದು ಹೇಳುವಾಗ, ಬಾವಿಯ ಮಣ್ಣಿನ ಲೆಕ್ಕ ಹಾಕುವಾಗ ಕನ್ನಡ ತಡವರಿಸಲಿಲ್ಲ ಎಂಬುದು ರನ್ನ, ಪಂಪರ ಭಾಷೆಯ ಹಿರಿಮೆಗೆ ಇನ್ನೊಂದು ಪ್ರಮಾಣ. ಈ ಪ್ರಮಾಣವನ್ನು ಮರೆತುದರ ಫಲವಾಗಿ, ವಿಜ್ಞಾನಕ್ಕೆ ಕನ್ನಡ ಒದಗದು ಎಂಬ ತಪ್ಪು ನಂಬಿಕೆ ಕನ್ನಡಿಗರಲ್ಲಿಯೇ ಬೇರೂರಿತು. ಇಪ್ಪತ್ತನೆಯ ಶತಮಾನದಲ್ಲಿ ಈ ನಂಬಿಕೆಯನ್ನು ಅಲುಗಿಸಿದವರೂ ಇದ್ದರು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಒಬ್ಬರೇ ಕುಳಿತು ಬರೆದರು. ಆ ಸಾಲು ಮುಂದೆ ಎಷ್ಟು ಬೆಳೆಯಬೇಕಿತ್ತೋ ಅಷ್ಟು ಬೆಳೆಯಲಿಲ್ಲ.

ನೀರಿನ ಶಾಸ್ತ್ರದ ಕುರಿತು ಪ್ರಾಚೀನರ ಎಚ್ಚರ ಎಷ್ಟಿತ್ತೆಂಬುದಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆ ಶಾಸನ ಉತ್ತಮ ಉದಾಹರಣೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನೆಂಬ ಭವದೂರನು ಕಟ್ಟಿಸಿದ ಕೆರೆಯ ಬಳಿ ನಿಲ್ಲಿಸಿದ 1369ರ ಈ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಜಲಶಾಸ್ತ್ರ ಬಲ್ಲ ಪಂಡಿತನಿರಬೇಕು, ನಿರ್ಮಾಣದಲ್ಲಿ ನುರಿತ ಕೆಲಸಗಾರರ ತಂಡವಿರಬೇಕು ಎಂಬುವು ಅಂಗಗಳ ಸಾಲಿನಲ್ಲಿವೆ. ಶಾಸ್ತ್ರವೂ ಕೈಕಸುಬೂ ಒಂದೇ ಪಟ್ಟಿಯಲ್ಲಿ ಸಮಾನವಾಗಿ ನಿಂತಿರುವುದು ಇಲ್ಲಿ ಗಮನಾರ್ಹ. ದೋಷಗಳ ಪಟ್ಟಿ ಇನ್ನೂ ಗಮನಾರ್ಹ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು ಎಂಬವೇ ಆ ಆರು.

ತುಂಗಭದ್ರಾ ಯೋಜನೆಯ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಬಲ್ಲವರಿಗೆ ಈ ಪಟ್ಟಿ ಆರು ಶತಮಾನಗಳ ಹಿಂದಿನದೆನಿಸುವುದಿಲ್ಲ. ಅಣೆಕಟ್ಟಿಗೆ 1945ರ ಫೆಬ್ರವರಿಯಲ್ಲಿ ಅಸ್ತಿಭಾರ ಹಾಕಿದಾಗ ನದಿಯ ಒಂದು ದಂಡೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೂ ಇನ್ನೊಂದು ದಂಡೆ ಮದರಾಸು ಪ್ರಾಂತಕ್ಕೂ ಸೇರಿತ್ತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯುವ ಹೊತ್ತಿಗೆ ಸಂಸ್ಥಾನ ಅಳಿದಿತ್ತು, ಪ್ರಾಂತ ಒಡೆಯುತ್ತಿತ್ತು. ಇಂದು ಆ ನೀರಿಗೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ಪಾಲುದಾರಿಕೆಯಿದೆ. ಗಡಿಯ ದೋಷ ಹುಟ್ಟಿನಿಂದಲೇ ಅಂಟಿಬಂದುದು. ನೀರು ಕಡಿಮೆ, ನೆಲ ಹೆಚ್ಚು ಎಂಬ ದೋಷವನ್ನಂತೂ ಯೋಜಕರು ತಿಳಿದೇ ಒಪ್ಪಿಕೊಂಡರು. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನ ಕಡೆಗೆ ಸಾಗುವ ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಬರಗಾಲದ ಸೀಮೆಗೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿ, ಶೇಂಗಾಗಳನ್ನು ಒಣಗದಂತೆ ಕಾಪಾಡುವುದು ಅದರ ಮೂಲ ಉದ್ದೇಶ. ಭತ್ತ, ಕಬ್ಬುಗಳಿಗೆ ಅಲ್ಪ ಭಾಗವನ್ನು ಮಾತ್ರ ಗೊತ್ತುಪಡಿಸಲಾಗಿತ್ತು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಕಾಗದದ ಮೇಲೆ ನಿಗದಿಮಾಡಿದ ಆ ಪದ್ಧತಿಗೆ ಲೋಕಲೈಸೇಷನ್ ಎಂಬ ಇಂಗ್ಲಿಷ್ ಹೆಸರೇ ಇಂದಿಗೂ ಬಳಕೆಯಲ್ಲಿದೆ. ಕನ್ನಡದ ಹೆಸರು ಹುಟ್ಟದಿದ್ದುದೂ ಅರ್ಥಪೂರ್ಣವೇ. ಜನರ ಮಾತಿನೊಳಗೆ ಇಳಿಯದ ನಿಯಮ ಅವರ ನಡೆಯೊಳಗೂ ಇಳಿಯಲಿಲ್ಲ.

ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ನೀರಾವರಿ ಬೇಸಾಯದಲ್ಲಿ ಪಳಗಿದವರು. ಅವರನ್ನು ನೋಡಿ ಸ್ಥಳೀಯರೂ ಕಲಿತರು. ಗಿರಣಿಗಳು ಬಂದವು, ಸಾಲ ಕೊಡುವವರು ಬಂದರು, ಕೊಳ್ಳುವವರು ಬಂದರು. ಮೇಲಿನವರು ಹೆಚ್ಚು ನೀರು ಬಳಸಿದಷ್ಟೂ ಕೆಳಗಿನವರಿಗೆ ನೀರು ಕಡಿಮೆಯಾಯಿತು. ಎರೆಮಣ್ಣಿನ ಸ್ವಭಾವವೂ ಇದಕ್ಕೆ ಕೂಡಿಕೊಂಡಿತು. ಜೇಡಿ ಹೆಚ್ಚಾಗಿರುವ ಈ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿದುಹೋಗುವುದಿಲ್ಲ. ವರ್ಷಕ್ಕೆ ಎರಡು ಬೆಳೆಯ ಭತ್ತಕ್ಕಾಗಿ ನಿಲ್ಲಿಸಿದ ನೀರು, ಕಾಲುವೆಯಿಂದ ಜಿನುಗಿದ ನೀರು ಎರಡೂ ಸೇರಿ ಅಂತರ್ಜಲದ ಮಟ್ಟವನ್ನು ಬೇರಿನ ಹತ್ತಿರಕ್ಕೆ ಏರಿಸುತ್ತವೆ. ಆಳದಲ್ಲಿದ್ದ ಲವಣ ಆ ನೀರಿನೊಡನೆ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಜನರು ಇದನ್ನು ಸವಳು, ಜವಳು ಎಂದು ಎರಡು ಪದಗಳಲ್ಲಿ ಬೇರ್ಪಡಿಸಿ ಹೇಳುತ್ತಾರೆ. ಒಂದು ಉಪ್ಪಿನ ಕೇಡು, ಇನ್ನೊಂದು ನೀರು ನಿಂತ ಕೇಡು. ಪೋರುಮಾಮಿಳ್ಳದ ಶಾಸನ ಹೇಳಿದ ಚೌಳು ನೆಲವನ್ನು ಅಂದಿನವರು ಕಂಡು ದೂರವಿಟ್ಟಿದ್ದರು. ಇಲ್ಲಿ ಅದನ್ನು ಮನುಷ್ಯರೇ ಉಂಟುಮಾಡಿದರು.

ಜಲಾಶಯದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತುರ್ತು ಗೇಟಿನ ಅಂಶಗಳನ್ನು ಇಳಿಸಿ ಸೋರಿಕೆಯನ್ನು ತಡೆದ ತಜ್ಞರ, ಕಾರ್ಮಿಕರ ಸಾಹಸ ಪ್ರಶಂಸನೀಯ. ಆದರೂ ಆ ಒಂದು ವಾರ ಎಡದಂಡೆಯ ಹಳ್ಳಿಗಳು ಅನುಭವಿಸಿದ ಆತಂಕ ಒಂದು ಪಾಠವನ್ನು ಕಲಿಸಿತು. ತಂತ್ರಜ್ಞಾನವನ್ನು ಒಮ್ಮೆ ಸ್ಥಾಪಿಸಿದರೆ ಮುಗಿಯಲಿಲ್ಲ. ಅದನ್ನು ಪ್ರತಿವರ್ಷವೂ ಕಾಯಬೇಕು. ಗಂಗಾವತಿ, ಆನೆಗೊಂದಿ ಕಡೆಯ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರು ಹರಿಸುತ್ತಿರುವುದಕ್ಕೆ ಅವುಗಳ ಕಲ್ಲಿನ ಗಟ್ಟಿತನವೊಂದೇ ಕಾರಣವಲ್ಲ. ತಲೆಮಾರುಗಳಿಂದ ಅವನ್ನು ದುರಸ್ತಿ ಮಾಡಿಕೊಂಡು ಬಂದ ಕೈಗಳೂ ಕಾರಣ.

ಸಂಶೋಧನೆ ಈ ಕೇಡುಗಳನ್ನು ಕಾಣದೆ ಕುಳಿತಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರ ಸವಳು ಮಣ್ಣಿನ ಅಧ್ಯಯನಕ್ಕಾಗಿ ರೂಪುಗೊಂಡ ಅಖಿಲ ಭಾರತ ಯೋಜನೆಯ ಕೇಂದ್ರಗಳಲ್ಲಿ ಒಂದು. ಸಿಂಧನೂರು ತಾಲ್ಲೂಕಿನ ಧಡೇಸುಗೂರಿನಲ್ಲಿಯೂ ಕೃಷಿ ಸಂಶೋಧನ ಕೇಂದ್ರವಿದೆ. 2009ರಲ್ಲಿ ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ನೆಲದೊಳಗೆ ತೂತುಗಳುಳ್ಳ ಕೊಳವೆ ಹೂಳಿ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಬಸಿದುಹೋಗುವಂತೆ ಮಾಡುವ ವಿಧಾನ, ಲವಣ ಸಹಿಸುವ ತಳಿಗಳು, ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವ ಪದ್ಧತಿ ಮೊದಲಾದುವು ಈಗ ಪ್ರಯೋಗಶಾಲೆಯ ಗುಟ್ಟುಗಳಾಗಿ ಉಳಿದಿಲ್ಲ. ಕೂರಿಗೆ ಭತ್ತದಲ್ಲಿ ಸಸಿಮಡಿ ಬೇಡ, ಕೆಸರುಗದ್ದೆ ಬೇಡ, ಸದಾ ನಿಂತ ನೀರೂ ಬೇಡ. ಜೋಳ ಬಿತ್ತುವ ಕೂರಿಗೆಯನ್ನು ತಾತನ ಕಾಲದಿಂದ ಬಲ್ಲ ಸೀಮೆಗೆ ಇದು ಹೊರಗಿನ ವಿದ್ಯೆಯಲ್ಲ. ಹಳೆಯ ಉಪಕರಣಕ್ಕೆ ಹೊಸ ಸಂಶೋಧನೆ ಕೊಟ್ಟ ಕೆಲಸ. ಕಳೆಯ ಕಾಟ ಹೆಚ್ಚೆಂಬ ತೊಡಕಿದ್ದರೂ ರೈತರು ಇದನ್ನು ಕೈಗೆತ್ತಿಕೊಳ್ಳುತ್ತಿರುವುದಕ್ಕೆ ಈ ಪರಿಚಯವೂ ಒಂದು ಕಾರಣವಿರಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ರೈತನಿಗೆ ತಿಳಿವಿಲ್ಲವೆಂದು ಯಾರು ಹೇಳಿದರು? ಭತ್ತವನ್ನು ಅವನು ಅಜ್ಞಾನದಿಂದ ಬೆಳೆಯುತ್ತಿಲ್ಲ. ಅದಕ್ಕೆ ಮಾರುಕಟ್ಟೆಯಿದೆ, ಗಿರಣಿಯಿದೆ, ಮುಂಗಡವಿದೆ. ಸುತ್ತಲಿನ ಗದ್ದೆಗಳಿಂದ ನೀರು ಜಿನುಗುವಾಗ ನಡುವಿನ ಹೊಲದವನು ಜೋಳ ಬಿತ್ತಿದರೆ ಜೋಳ ಕೊಳೆಯುತ್ತದೆ. ಬಸಿಗಾಲುವೆಯನ್ನು ಒಬ್ಬನೇ ತೋಡಿದರೆ ಪ್ರಯೋಜನವಿಲ್ಲ, ಕೆಳಗಿನ ಹೊಲದವನೂ ಕೂಡಬೇಕು. ಈ ಆಕ್ಷೇಪ ಸಂಪೂರ್ಣವಾಗಿ ಸರಿಯಾದುದು. ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿ ಸಂಶೋಧನೆ ನಡೆಸಿದ ಪೀಟರ್ ಮೊಲಿಂಗ ಅವರು ಇದೇ ಎಡದಂಡೆ ಕಾಲುವೆಯನ್ನು ಕುರಿತು ಬರೆದ ಮಹಾಪ್ರಬಂಧ, ನೀರಿನ ಹಂಚಿಕೆ ಗೇಟು, ತೂಬುಗಳ ವಿಷಯ ಮಾತ್ರವಲ್ಲವೆಂದೂ ಅದು ಊರಿನ ಅಧಿಕಾರ ಸಂಬಂಧಗಳ ವಿಷಯವೂ ಹೌದೆಂದೂ ತೋರಿಸಿತು. ಹಾಗಾದರೆ ಕಲಿಯಬೇಕಾದವನು ರೈತನೊಬ್ಬನೇ ಅಲ್ಲ. ಯೋಜಕನೂ ಎಂಜಿನಿಯರನೂ ಅವನಿಂದ ಕಲಿಯಬೇಕು. ಶಿಕ್ಷಣವೆಂಬುದು ಎರಡೂ ದಿಕ್ಕಿಗೆ ಹರಿಯುವ ಕಾಲುವೆ. ಆದರೆ ಆ ಮಹಾಪ್ರಬಂಧವನ್ನು ಸಿಂಧನೂರಿನ ರೈತ ಓದಲಾರ. ಅವನ ಬದುಕನ್ನು ಕುರಿತ ಪುಸ್ತಕ ಅವನಿಗೆ ತಿಳಿಯದ ಭಾಷೆಯಲ್ಲಿ ಜಗತ್ತಿನ ಗ್ರಂಥಾಲಯಗಳಲ್ಲಿದೆ. ಅವನ ಮಗಳು ಕನ್ನಡ ಎಂ.ಎ. ಓದುತ್ತಿದ್ದರೂ ಆ ಪುಸ್ತಕ ಅವಳ ಪಠ್ಯದ ಸಮೀಪಕ್ಕೆ ಬಾರದು.

ಭಾಷೆಯ ಈ ಪ್ರಶ್ನೆಯನ್ನು ಒಂದು ಸಣ್ಣ ನಿದರ್ಶನ ಸ್ಪಷ್ಟಪಡಿಸುತ್ತದೆ. ಟಿಎಂಸಿ ಎಂಬುದು ಇಂಗ್ಲಿಷಿನ ಮೂರು ಅಕ್ಷರ. ನೂರು ಕೋಟಿ ಘನ ಅಡಿ ಎಂಬುದು ಅದರ ಅರ್ಥ. ಇಂದು ಎಡದಂಡೆಯ ಯಾವ ಚಹಾದಂಗಡಿಯಲ್ಲಿ ಕುಳಿತರೂ ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರಿದೆ, ಎಷ್ಟು ಒಳಹರಿವು, ಎಷ್ಟು ಹೊರಹರಿವು ಎಂಬ ಚರ್ಚೆ ಅಕ್ಷರ ಬಾರದ ಹಿರಿಯರ ಬಾಯಲ್ಲಿಯೂ ನಡೆಯುತ್ತದೆ. ಕನ್ನಡ ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಆ ಅಂಕಿಗಳನ್ನು ಮುದ್ರಿಸಿದುದರಿಂದ, ಆ ಅಂಕಿಗೂ ಬಿತ್ತನೆಯ ನಿರ್ಧಾರಕ್ಕೂ ನೇರ ಸಂಬಂಧವಿದ್ದುದರಿಂದ ಅದು ಸಾಧ್ಯವಾಯಿತು. ಅದೇ ರೈತನ ಮನೆಯಲ್ಲಿ ಮಣ್ಣು ಆರೋಗ್ಯ ಚೀಟಿಯೂ ಇರಬಹುದು. 2015ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಡಿ ಕೊಡುವ ಆ ಚೀಟಿಯಲ್ಲಿ ಮಣ್ಣಿನ ರಸಸಾರ, ವಿದ್ಯುತ್ ವಾಹಕತೆ ಮುಂತಾದ ಅಂಕಿಗಳಿರುತ್ತವೆ. ಲವಣದ ಪ್ರಮಾಣವನ್ನು ಹೇಳುವ ಅಂಕಿಯೇ ವಿದ್ಯುತ್ ವಾಹಕತೆ. ಅವನ ಹೊಲದ ಆಯುಸ್ಸು ಆ ಅಂಕಿಯಲ್ಲಿದೆ. ಆದರೂ ಅದು ಚಹಾದಂಗಡಿಯ ಮಾತಾಗಿಲ್ಲ. ದೂರದ ಜಲಾಶಯದ ಲೆಕ್ಕ ಬಲ್ಲವನಿಗೆ ತನ್ನ ಕಾಲಡಿಯ ಮಣ್ಣಿನ ಲೆಕ್ಕ ತಿಳಿಯದಿರಲು ಅವನ ಬುದ್ಧಿ ಕಾರಣವಲ್ಲ. ಸವಳು ಎಂಬ ಅವನ ಪದಕ್ಕೂ ವಿದ್ಯುತ್ ವಾಹಕತೆ ಎಂಬ ಪಂಡಿತರ ಪದಕ್ಕೂ ನಡುವೆ ಸೇತುವೆ ಕಟ್ಟಿದವರಿಲ್ಲ.

ಈ ಸೇತುವೆಯ ಕೆಲಸ ಸಾಹಿತ್ಯದ ವಿದ್ಯಾರ್ಥಿಗಳದು. ತುಂಗಭದ್ರೆಯ ದಂಡೆಯಲ್ಲಿಯೇ, ಹಂಪಿಯಲ್ಲಿ, 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವಿದೆ. ಅದೇ ನದಿಯ ಬಯಲಿನ ಇನ್ನೊಂದು ತುದಿಯಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಿದೆ. ಒಂದು ಪದಗಳನ್ನು ಬಲ್ಲದು, ಇನ್ನೊಂದು ಮಣ್ಣನ್ನು ಬಲ್ಲದು. ಎರೆ, ಮಸಾರಿ, ಸವಳು, ಜವಳು, ಚೌಳು ಎಂಬ ಪದಗಳು ಊರೂರಿಗೆ ಹೇಗೆ ಅರ್ಥ ಬದಲಿಸುತ್ತವೆ ಎಂಬುದನ್ನು ಕ್ಷೇತ್ರಕಾರ್ಯದಿಂದ ಸಂಗ್ರಹಿಸಿ, ಪ್ರತಿಯೊಂದರ ಎದುರು ಪ್ರಯೋಗಶಾಲೆಯ ಅಳತೆಯನ್ನು ಬರೆದರೆ ಅದು ಎರಡೂ ಸಂಸ್ಥೆಗಳಿಗೆ ಗೌರವ ತರುವ ನಿಘಂಟಾಗುತ್ತದೆ. ಕೃಷಿ ಸಂಶೋಧನೆಯ ಪ್ರತಿಯೊಂದು ಮಹಾಪ್ರಬಂಧಕ್ಕೂ ರೈತನನ್ನು ಉದ್ದೇಶಿಸಿದ ಕನ್ನಡದ ಸಾರಲೇಖ ಕಡ್ಡಾಯವಾದರೆ ಹೆಚ್ಚಿನ ಖರ್ಚಿಲ್ಲ. ಆ ಸಾರಲೇಖವನ್ನು ತಿದ್ದುವ ಹೊಣೆ ಕನ್ನಡ ವಿಭಾಗಗಳಿಗೆ ಬಂದರೆ, ಉದ್ಯೋಗಕ್ಕಾಗಿ ಅಲೆಯುವ ಕನ್ನಡ ಪದವೀಧರರಿಗೆ ಗೌರವದ ಕೆಲಸವೊಂದು ದೊರೆತಂತಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಪ್ರೌಢಶಾಲೆಗಳಲ್ಲಿ ಮಕ್ಕಳು ತಮ್ಮ ಹೊಲದ ಮಣ್ಣನ್ನು ತಾವೇ ತಂದು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದಿಡುವಂತಾದರೆ ಹತ್ತು ವರ್ಷಗಳಲ್ಲಿ ಊರಿನ ಮಣ್ಣಿನ ಚರಿತ್ರೆಯೇ ಸಿದ್ಧವಾಗುತ್ತದೆ.

ಹೊಸ ತಂತ್ರಜ್ಞಾನದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ನೆರೆಯ ಕೃಷ್ಣಾ ಕಣಿವೆಯ ನಾರಾಯಣಪುರ ಎಡದಂಡೆ ಕಾಲುವೆಗೆ ದೂರದಿಂದ ನಿಯಂತ್ರಿಸುವ ಸ್ವಯಂಚಾಲಿತ ಗೇಟುಗಳು ಬಂದಿವೆ. 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಆ ಕಾಮಗಾರಿಯ ಉದ್ಘಾಟನೆಯಾಯಿತು. ಇಂತಹ ಗೇಟು ಎಷ್ಟು ನೀರು ಹೋಯಿತೆಂಬುದನ್ನು ತಪ್ಪಿಲ್ಲದೆ ಅಳೆಯಬಲ್ಲದು. ಆದರೆ ಅಳೆದುದನ್ನು ಯಾರು ನೋಡುತ್ತಾರೆ ಎಂಬುದೇ ಪ್ರಶ್ನೆ. ಆ ಅಂಕಿ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮಾತ್ರ ಬೆಳಗಿದರೆ ಅದು ಇನ್ನೊಂದು ಶಿಲಾಶಾಸನ. ಮೇಲಿನ ವಿತರಣಾ ನಾಲೆ ಇಂದು ಎಷ್ಟು ನೀರು ತೆಗೆದುಕೊಂಡಿತು, ಕೆಳಗಿನದಕ್ಕೆ ಎಷ್ಟು ಉಳಿಯಿತು ಎಂಬುದು ನೀರು ಬಳಕೆದಾರರ ಸಹಕಾರ ಸಂಘದ ಹಲಗೆಯ ಮೇಲೆ, ಕೊನೆಯ ಹೊಲದವಳ ಮೊಬೈಲಿನಲ್ಲಿ, ಅವಳು ಓದಬಲ್ಲ ಕನ್ನಡದಲ್ಲಿ ಬಂದರೆ ಆಗ ಅದು ಭೇರಿ. ಅಂಕಿ ಕೈಯಲ್ಲಿದ್ದವಳು ನ್ಯಾಯ ಕೇಳಬಲ್ಲಳು. ತಂತ್ರಜ್ಞಾನದಿಂದ ನ್ಯಾಯ ತಾನಾಗಿ ಹುಟ್ಟುವುದಿಲ್ಲ, ಕೇಳುವ ಬಾಯಿಗೆ ಬಲ ಬರುವಂತೆ ಅದು ಮಾಡಬಲ್ಲದು.

ಲೋಕೋಪಕಾರದ ಕವಿಗಾಗಲಿ ಗೋವೈದ್ಯದ ಕವಿಗಾಗಲಿ ಸುಸ್ಥಿರ ಅಭಿವ‌ೃದ್ಧಿ ಎಂಬ ಪದ ತಿಳಿದಿರಲಿಲ್ಲ. ಅವರ ಮದ್ದುಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುತ್ತವೆಂದು ಸಾಧಿಸುವ ಅಗತ್ಯವೂ ಇಲ್ಲ. ಹಳೆಯ ಶಾಸ್ತ್ರವನ್ನು ವಿಜ್ಞಾನಕ್ಕೆ ಬದಲಾಗಿ ನಿಲ್ಲಿಸುವ ಅತ್ಯುತ್ಸಾಹ ಆ ಗ್ರಂಥಗಳಿಗೇ ಮಾಡುವ ಅಪಚಾರ. ಅವರಿಂದ ಪಡೆಯಬೇಕಾದುದು ಒಂದು ನಿಲುವನ್ನು. ತನ್ನ ಕಾಲದ ಅತ್ಯುತ್ತಮ ತಿಳಿವು ತನ್ನ ಜನರ ಮಾತಿನಲ್ಲಿ ಇರಬೇಕೆಂಬ ನಿಲುವದು. ಸಾವಿರ ವರ್ಷಗಳ ಹಿಂದೆ ಓಲೆಗರಿಯ ಮೇಲೆ ಕಂಠದಿಂದ ಕೊರೆದು ಮಾಡಿದ ಆ ಕೆಲಸವನ್ನು, ಇಷ್ಟೆಲ್ಲ ಸಾಧನಗಳು ಕೈಯಲ್ಲಿರುವ ಕಾಲದಲ್ಲಿ ಮಾಡಲಾಗದೆಂದರೆ ಅದಕ್ಕೆ ಕನ್ನಡದ ಬಡತನ ಕಾರಣವಾಗಲಾರದು.

ಮುಂದಿನ ಮುಂಗಾರಿನಲ್ಲಿ ತುಂಗಭದ್ರೆ ಮುಕ್ಕುಂದದ ಸೀಮೆಯನ್ನು ಮತ್ತೆ ತುಂಬಿ ಹಾಯುತ್ತಾಳೆ. ಕಾಲುವೆಯ ತಲೆಯಲ್ಲಿ ಸಸಿ ನಾಟಿಯಾಗುವಾಗ ಕೊನೆಯ ಹೊಲದಲ್ಲಿ ಒಬ್ಬರು ಮುಗಿಲನ್ನೂ ತೂಬನ್ನೂ ಸರದಿಯ ಮೇಲೆ ನೋಡುತ್ತ ನಿಂತಿರುತ್ತಾರೆ. ಗಂಗಾವತಿಯ ಪ್ರಯೋಗಶಾಲೆಗೆ ತಿಳಿದಿರುವುದು ಅವರಿಗೂ, ಅವರಿಗೆ ತಿಳಿದಿರುವುದು ಆ ಪ್ರಯೋಗಶಾಲೆಗೂ ಅಷ್ಟರಲ್ಲಿ ಮುಟ್ಟಿರಬೇಕು.